ಗ್ರಿಸ್ ಪುಟದವನ ಹೆಂಡತಿ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಗೋತ್ರ ಕೇಳುವುದಿಲ್ಲ, ನಕ್ಷತ್ರ ಕೇಳುವುದಿಲ್ಲ. ಉಪ್ಪಿಟ್ಟು ತಿಂದು, ಕೈ ತೊಳೆದು, ಗಂಟಲು ಸರಿಮಾಡಿಕೊಂಡು, "ಮತ್ತ ಹುಡುಗಿ ಪುಟ ಯಾವುದ್ರಿ?" ಎನ್ನುತ್ತಾರೆ. ಪುಟ ಎಂದರೆ ಸ್ಪೇನ್ ದೇಶದ ಹೊಸಗಾಲದ ಚಿತ್ರಗಾರರ ಜೀವನಚರಿತ್ರೆಗಳಿರುವ ಪುಸ್ತಕದ ಪುಟ. ಹೆಸರಿಡುವ ದಿನ ಮಗುವನ್ನು ತೊಟ್ಟಿಲಿನಿಂದ ಎತ್ತಿ ಅದರ ಅಂಗೈಯನ್ನು ಆ ಪುಸ್ತಕದ ಮೇಲೆ ಇಡುತ್ತೇವೆ. ಪುಸ್ತಕ ತನ್ನಷ್ಟಕ್ಕೆ ತಾನೇ ತೆರೆದುಕೊಳ್ಳುತ್ತದೆ. ಯಾವ ಚಿತ್ರಗಾರನ ಪುಟ ತೆರೆಯಿತೋ ಆ ಮಗು ಅವನ ಬಾಳನ್ನೇ ಬಾಳುತ್ತದೆ. ಚಿತ್ರ ಬಿಡಿಸುವುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಬರುವುದಿಲ್ಲ. ಆನೆ ಬರೆಯಲು ಹೋದರೆ ಬದನೆಕಾಯಿ ಆಗುತ್ತದೆ.

ಪುಸ್ತಕ ಇರುವುದು ನನ್ನ ಮನೆಯಲ್ಲಿ. ಮೊದಲು ನನ್ನಪ್ಪ ಓದಿ ಹೇಳುತ್ತಿದ್ದ, ಈಗ ನಾನು. ಅದಕ್ಕೇ ಊರವರೆಲ್ಲ ನನ್ನನ್ನು ಪುಟದ ಮಾಸ್ತರ ಎನ್ನುತ್ತಾರೆ. ನನ್ನದು ಮಿರೋ ಪುಟ. ಎಳೆಯ ವಯಸ್ಸಿನಲ್ಲಿ ಅಪ್ಪ ಒತ್ತಾಯ ಮಾಡಿ ಅಂಗಡಿಯೊಂದರ ಗುಮಾಸ್ತಿಕೆಗೆ ಹಚ್ಚಿದ, ಮನಸ್ಸು ಕೆಟ್ಟು ಜ್ವರ ಹಿಡಿದು ಮಲಗಿದೆ, ತೋಟದ ಮನೆಗೆ ಹೋಗಿ ಸುಧಾರಿಸಿಕೊಂಡೆ. ಎಲ್ಲವೂ ಬರೆದಿದ್ದಂತೆಯೇ ಆಯಿತು. ಇನ್ನು ಮುಂದೆ ಹೊತ್ತಿಗೆ ಸರಿಯಾಗಿ ಊಟ, ಒಬ್ಬಳೇ ಹೆಂಡತಿ, ಅಚ್ಚುಕಟ್ಟಾದ ಮೇಜು, ತೊಂಬತ್ತು ವರ್ಷದ ಆಯುಷ್ಯ. ಹೆಣ್ಣು ಹೆತ್ತವರು ಮಿರೋ ಪುಟದ ಗಂಡು ಎಂದರೆ ಎದ್ದು ಬಿದ್ದು ಬರುತ್ತಾರೆ. ನನ್ನ ಹೆಂಡತಿ ಮಾತ್ರ, ಇಷ್ಟು ಸಪ್ಪೆ ಮನುಷ್ಯನನ್ನು ಹುಡುಕಲು ಅಪ್ಪ ಅಷ್ಟು ದೂರ ನಡೆಯಬೇಕಿತ್ತೇ ಎಂದು ಈಗಲೂ ಕೇಳುತ್ತಾಳೆ.

ಪುಟ ಎಂದೂ ತಪ್ಪುವುದಿಲ್ಲ. ಆದರೆ ಪುಟಕ್ಕೆ ನಮ್ಮೂರು ಗೊತ್ತಿಲ್ಲವಲ್ಲ, ಹೀಗಾಗಿ ಇಲ್ಲಿ ಸಿಕ್ಕಿದ್ದರಲ್ಲೇ ನಿಭಾಯಿಸಿಕೊಳ್ಳುತ್ತದೆ. ಹೊಳೆಯ ಈ ದಂಡೆಯ ಪೇಟೆಯೇ ಪ್ಯಾರಿಸ್, ಆ ದಂಡೆಯ ಹಳೇ ಊರೇ ಮ್ಯಾಡ್ರಿಡ್. ದಾಲಿ ಎಂಬ ಚಿತ್ರಗಾರ ಮುಳುಗುಗಾರನ ಉಡುಪು ತೊಟ್ಟು ಭಾಷಣ ಮಾಡಲು ಹೋಗಿ ಉಸಿರುಕಟ್ಟಿ ಒದ್ದಾಡಿದನಂತೆ. ನಮ್ಮ ದಾಲಿ ಪುಟದವನೊಬ್ಬ ಪಂಚಾಯತಿ ಸಭೆಗೆ ತಲೆಗೆ ತಾಮ್ರದ ಹಂಡೆ ಹಾಕಿಕೊಂಡು ಬಂದ. ಅದನ್ನು ಕೀಳಲು ಕೊಬ್ಬರಿ ಎಣ್ಣೆ, ಇಬ್ಬರು ಕಂಚುಗಾರರು, ಒಂದು ತಾಸು ಬೇಕಾಯಿತು. ಹೊರಬಂದವನು ಮೀಸೆ ತಿರುವಿ, "ಭಾಷಣ ಹೆಂಗಿತ್ತು?" ಎಂದ. ಸೊರೋಲ್ಯಾ ಪುಟದ ಗಂಡಂದಿರು ಬೇರೆ ಊರಿಗೆ ಹೋದರೆ ಹೆಂಡತಿಗೆ ದಿನಕ್ಕೊಂದು ಕಾಗದ ಬರೆಯುತ್ತಾರೆ. ಐವತ್ತೇಳಕ್ಕೆ ಲಕ್ವ ಹೊಡೆಯುತ್ತದೆ ಎಂಬುದು ಗೊತ್ತಿದ್ದರೂ ಹುಡುಗಿಯರು ಅವರಿಗೇ ಬೀಳುತ್ತಾರೆ. ಪಿಕಾಸೋ ಪುಟದವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ತೊಂಬತ್ತೊಂದು ವರ್ಷ ಬದುಕುತ್ತಾರೆ ಎಂದು ಅವರ ತಾಯಂದಿರಿಗೆ ಸಂತೋಷ, ಅಷ್ಟು ವರ್ಷ ಸುಮ್ಮನಿರುವುದಿಲ್ಲ ಎಂದು ಬೀಗರಿಗೆ ಸಂಕಟ.

ಇನ್ನು ಗ್ರಿಸ್ ಪುಟ. ಅದು ತೆರೆದ ದಿನ ತೊಟ್ಟಿಲ ಸುತ್ತ ಹಾಡುವ ಹೆಂಗಸರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಹ್ವಾನ್ ಗ್ರಿಸ್ ಎಂಬ ಆ ಚಿತ್ರಗಾರ ನಲವತ್ತು ತುಂಬಿ ನಲವತ್ತೊಂಬತ್ತನೆಯ ದಿನಕ್ಕೆ ತೀರಿಹೋದ.

ನಮ್ಮ ಪೇಟೆಯ ಸೋಡಾ ಅಂಗಡಿ ಬೂದೆಪ್ಪನದು ಇದೇ ಪುಟ. ಆ ಚಿತ್ರಗಾರ ಮೇಜಿನ ಮೇಲೆ ಬಾಟಲಿ, ಗ್ಲಾಸು, ಮಡಚಿದ ಪತ್ರಿಕೆ ಇಟ್ಟುಕೊಂಡು ಅವನ್ನೇ ಜೀವಮಾನವಿಡೀ ಬರೆದನಂತೆ. ಬೂದೆಪ್ಪ ಅವನ್ನೇ ಜೀವಮಾನವಿಡೀ ಒರೆಸಿ ಒರೆಸಿ ಇಟ್ಟ. ಹತ್ತೊಂಬತ್ತನೆಯ ವಯಸ್ಸಿಗೆ ಹಳೇ ಊರಿನ ಪಹರೆಯ ಸರದಿ ತಪ್ಪಿಸಿಕೊಂಡು ಹೊಳೆ ದಾಟಿ ಓಡಿಬಂದಿದ್ದ. ಹಾಗೆ ಬಂದವನಿಗೆ ತಿರುಗಿ ಹೋಗಲು ಅಲ್ಲಿಯವರು ಬಿಡುವುದಿಲ್ಲ. ಗ್ರಿಸ್‌ಗೂ ಹಾಗೇ ಆಗಿತ್ತು, ದಂಡಿಗೆ ಸೇರದೆ ಹೋದ ತಪ್ಪಿಗೆ ಸ್ಪೇನಿಗೆ ಮರಳಲಾಗಲಿಲ್ಲ. ಪೇಟೆಗೆ ಬಂದ ಮೊದಲ ದಿನವೇ ಬೂದುಬಣ್ಣದ ಅಂಗಿ ಹೊಲಿಸಿಕೊಂಡು, "ಇನ್ನ ಮ್ಯಾಲೆ ನನಗ ಬೂದೆಪ್ಪ ಅನ್ರಿ" ಎಂದ. ಗ್ರಿಸ್ ಎಂದರೆ ಅವರ ಭಾಷೆಯಲ್ಲಿ ಬೂದು. ಅಂದಿನಿಂದ ಇಡೀ ಊರು ಅವನನ್ನು ಬೂದೆಪ್ಪ ಎಂದೇ ಕರೆಯಿತು.

ಅವನ ಹೆಂಡತಿ ತುಂಗವ್ವ. ಅವಳದು ಮರೂಹಾ ಮಾಯೋ ಎಂಬ ಚಿತ್ರಗಾರ್ತಿಯ ಪುಟ. ಆಕೆ ಮ್ಯಾಡ್ರಿಡ್‌ನ ಚೌಕದಲ್ಲಿ ಟೊಪ್ಪಿಗೆ ತೆಗೆದು ಬರಿದಲೆಯಲ್ಲಿ ನಡೆದಳೆಂದು ಜನ ಕಲ್ಲು ಹೊಡೆದಿದ್ದರಂತೆ. ತುಂಗವ್ವನೂ ತಲೆಯ ಮೇಲೆ ಸೆರಗು ಹೊದೆಯದೆ ಪೇಟೆಯಲ್ಲಿ ನೆಟ್ಟಗೆ ನಡೆಯುತ್ತಿದ್ದಳು. ನಮ್ಮವರು ಕಲ್ಲು ಹೊಡೆಯಲಿಲ್ಲ, ಮೂಗು ಮುರಿದರು. ಮಾಯೋ ಪುಟದಲ್ಲಿ ಮದುವೆಯ ಸುದ್ದಿಯೇ ಇಲ್ಲ, ನೀನು ಹೇಗೆ ಬೂದೆಪ್ಪನನ್ನು ಮಾಡಿಕೊಳ್ಳುತ್ತೀ ಎಂದು ಹಿರಿಯರು ತಡೆದಾಗ ಅವಳು, "ಮಾಡ್ಕೊಬ್ಯಾಡ ಅಂತೂ ಬರದಿಲ್ಲಲ್ರಿ" ಎಂದಳು. ನನ್ನಪ್ಪ ಪುಸ್ತಕ ತಿರುವಿ ನೋಡಿದ. ನಿಜಕ್ಕೂ ಬರೆದಿರಲಿಲ್ಲ. ಮದುವೆಯಾಯಿತು. ಬರೆದದ್ದನ್ನು ಓದುವವರು ನಾವು, ಬರೆಯದೆ ಬಿಟ್ಟದ್ದನ್ನು ಓದುವವಳು ಅವಳೊಬ್ಬಳೇ.

ಬೂದೆಪ್ಪನಿಗೆ ನಲವತ್ತು ತುಂಬಿದ ಮರುದಿನ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಚಹಾ ಬೇಡವೆಂದಳು.

"ಮಾಸ್ತರ, ಆ ಪುಟ ಹರದ ಒಗೀರಿ."

ಹರಿಯುವಂತಿಲ್ಲ ಎಂದೆ. ಹಿಂದೊಮ್ಮೆ ಇಲಿಯೊಂದು ಒಂದು ಪುಟದ ಅಂಚು ತಿಂದದ್ದಕ್ಕೆ ಆ ಪುಟದವರಿಗೆಲ್ಲ ಒಂದೇ ರಾತ್ರಿಯಲ್ಲಿ ಕಿವಿ ಮಂದವಾಗಿತ್ತು. ಪೂರ್ತಿ ಹರಿದರೆ ಏನಾದೀತು?

"ನಿಮಗೇನ್ರಿ, ಮಿರೋ. ತೊಂಬತ್ತ ವರ್ಷ ಗಟ್ಟಿ. ನನಗೂ ತೊಂಬತ್ಮೂರ ಕೊಟ್ಟಾರ. ಈಗ ಮೂವತ್ತೇಳು. ಇನ್ನ ಐವತ್ತಾರ ವರ್ಷ ಅವರಿಲ್ಲದ ನಾ ಒಬ್ಬಾಕಿ ಏನ್ ಮಾಡ್ಲಿ ಹೇಳ್ರಿ?"

ಅವಳು ಕಣ್ಣು ಒರೆಸಿಕೊಂಡು ಚಾಪೆಯ ಮೇಲೆ ಕೂತಳು. "ಹಂಗಾರ ಓದ್ರಿ" ಎಂದಳು. ಓದಿದೆ. ಮರುದಿನವೂ ಬಂದಳು, ಅದನ್ನೇ ಓದಿಸಿದಳು. ಹೀಗೆ ದಿನವೂ ನಡೆಯಿತು. ನನ್ನ ಹೆಂಡತಿಗಂತೂ ಗ್ರಿಸ್ ಎಷ್ಟನೆಯ ಇಸವಿಯಲ್ಲಿ ಯಾವ ಓಣಿಯಲ್ಲಿ ಬಾಡಿಗೆಗಿದ್ದ ಎಂಬುದೆಲ್ಲ ಬಾಯಿಪಾಠವಾಯಿತು.

ಅತ್ತ ಸೋಡಾ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಎಂದೂ ಆ ಕಡೆ ತಲೆ ಹಾಕದವರೆಲ್ಲ ಬಂದು, ಬೂದೆಪ್ಪನ ಮುಖವನ್ನು ಕನಿಕರದಿಂದ ನೋಡುತ್ತ, ಎರಡೆರಡು ಗೋಲಿ ಸೋಡಾ ಕುಡಿದು ತೇಗಿ ಹೋಗುತ್ತಿದ್ದರು. ಪಕ್ಕದ ಪಾತ್ರೆ ಅಂಗಡಿಯ ಫಕೀರಗೌಡ ಎಪ್ಪತ್ತೊಂದು ವರ್ಷದ ಪಿಕಾಸೋ ಪುಟದವ. ಮೂರನೆಯ ಮದುವೆಯ ಮಾತುಕತೆಯ ನಡುವೆ ಬಿಡುವು ಮಾಡಿಕೊಂಡು ದಿನಾ ಬರುತ್ತಿದ್ದ. "ನೀ ಏನೂ ಚಿಂತಿ ಮಾಡಬ್ಯಾಡ ಬೂದೆಪ್ಪ. ನಾ ಇನ್ನ ಇಪ್ಪತ್ತ ವರ್ಷ ಇಲ್ಲೇ ಇರಾಂವ. ಅಂಗಡಿ ಕಡೆ ಒಂದ ಕಣ್ಣ ಇಟ್ಟಿರ್ತೀನಿ" ಎಂದು ಧೈರ್ಯ ಹೇಳುತ್ತಿದ್ದ. ಬೂದೆಪ್ಪ ನಕ್ಕು ಅವನಿಗೂ ಒಂದು ಸೋಡಾ ಒಡೆಯುತ್ತಿದ್ದ. ಹುಟ್ಟಿದಾಗಿನಿಂದ ಗೊತ್ತಿದ್ದ ಸುದ್ದಿ, ಅವನಿಗೆ ಅದು ಹಳೆಯದಾಗಿತ್ತು. ತುಂಗವ್ವನಿಗೆ ಮಾತ್ರ ದಿನವೂ ಹೊಸದಾಗಿ ಗೊತ್ತಾಗುತ್ತಿತ್ತು.

ಇಪ್ಪತ್ತೊಂದನೆಯ ದಿನ ಓದುತ್ತಿರುವಾಗ ಅವಳು ನನ್ನನ್ನು ತಡೆದಳು.

"ಆ ಸಾಲ ಇನ್ನೊಮ್ಮೆ ಓದ್ರಿ."

"ತಾಯಿ ಇಟ್ಟ ಹೋಸೆ ವಿಕ್ಟೋರಿಯಾನೋ ಎಂಬ ಹೆಸರನ್ನು ಮ್ಯಾಡ್ರಿಡ್‌ನಲ್ಲೇ ಬಿಟ್ಟು, ಹ್ವಾನ್ ಗ್ರಿಸ್ ಎಂಬ ಹೆಸರು ಕಟ್ಟಿಕೊಂಡು, ಹತ್ತೊಂಬತ್ತನೆಯ ವಯಸ್ಸಿಗೆ ಪ್ಯಾರಿಸ್ ಸೇರಿದನು."

"ಕಡೀ ಸಾಲ ಓದ್ರಿ."

"ಹ್ವಾನ್ ಗ್ರಿಸ್ ಹೀಗೆ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು."

"ಸತ್ತಾಂವ ಗ್ರಿಸ್. ಆ ಹೋಸೆ ಎಲ್ಲಿ ಹೋದ?"

ಅವರಿಬ್ಬರೂ ಒಬ್ಬನೇ ಎಂದೆ.

"ಹಂಗಂತ ಬರದೈತೇನು?"

ನಾನು ಪುಸ್ತಕ ತಿರುವಿದೆ. ಹೋಸೆ ಸತ್ತನೆಂದು ಎಲ್ಲೂ ಬರೆದಿರಲಿಲ್ಲ. ಅವನು ಮ್ಯಾಡ್ರಿಡ್‌ನಲ್ಲಿ ಉಳಿದ, ಮುಂದೆ ಅವನ ಸುದ್ದಿಯನ್ನು ಯಾರೂ ಎತ್ತಿಲ್ಲ. ಇಷ್ಟು ವರ್ಷ ಆ ಪುಟ ಓದಿದ್ದೇನೆ, ನನ್ನಪ್ಪ ಓದಿದ್ದಾನೆ, ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ಖುಷಿಯಾದದ್ದಕ್ಕಿಂತ ನಾಚಿಕೆಯಾದದ್ದೇ ಹೆಚ್ಚು.

ಅಪ್ಪನ ಕಾಲದಲ್ಲಿ ಎರಡೂ ದಂಡೆಯ ಮಕ್ಕಳ ಹೆಸರು ಬರೆದಿಟ್ಟ ಹೆಸರಿನ ಪುಸ್ತಕ ಅಟ್ಟದಿಂದ ಇಳಿಸಿ ಧೂಳು ಜಾಡಿಸಿದೆ. ಬೂದೆಪ್ಪನಿಗೆ ತಾಯಿ ಇಟ್ಟ ಹೆಸರು ಸಿಕ್ಕಿತು. ಮಹಾಂತ ಸಂಗನಬಸಪ್ಪ. ಆ ಹೆಸರಿನವನನ್ನು ಕರೆದು ನಿಲ್ಲಿಸಿಕೊಂಡರೆ ಬೂದೆಪ್ಪ ಮಾತ್ರ ಹೋಗುತ್ತಾನೆ, ಮನುಷ್ಯ ಉಳಿಯುತ್ತಾನೆ ಎಂಬುದು ತುಂಗವ್ವನ ಲೆಕ್ಕಾಚಾರ. ಅಷ್ಟರಲ್ಲಿ ನನಗೊಂದು ಕೆಟ್ಟ ಯೋಚನೆ ಬಂತು. ಹೇಳದೆ ಬಿಡಬಹುದಿತ್ತು. ಆದರೆ ಹೇಳಿಬಿಟ್ಟೆ.

"ತುಂಗವ್ವ, ಹಳೇ ಊರಾಗ ಉಳದಾಂವ ಹೊಳಿ ದಾಟಿಲ್ಲ. ಪ್ಯಾಟಿ ನೋಡಿಲ್ಲ. ನಿನ್ನನ್ನೂ ನೋಡಿಲ್ಲ. ಅಂವ ಬಂದ್ರ ನೀ ಯಾರು ಅಂತ ಅವಂಗ ಗೊತ್ತಿರೂದಿಲ್ಲ."

ಅವಳು ಹೆಸರಿನ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದಳು. ಆಮೇಲೆ, "ಇದ್ದರ ಸಾಕ್ರಿ" ಎಂದು ಎದ್ದುಹೋದಳು.

ಆ ಸಂಜೆ ಅವಳು ಗಂಡನಿಗೂ ವಿಷಯ ತಿಳಿಸಿದಳು. ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಬೂದೆಪ್ಪ ಗ್ಲಾಸು ಒರೆಸುವುದನ್ನು ನಿಲ್ಲಿಸಿದ. ಅಷ್ಟು ದಿನ ಸಾವಿಗೆ ಹೆದರದವನು ಈಗ ಹೆದರಿದ್ದು ಅವನ ಮುಖದಲ್ಲೇ ಕಾಣಿಸಿತು.

"ನೀ ನನಗ ಗೊತ್ತಿರದಿದ್ರ ಬದುಕಿ ನಾ ಏನ್ ಮಾಡ್ಲಿ ತುಂಗಾ?"

"ಸೋಡಾ ಮಾರ್ರಿ" ಎಂದು ಹೇಳಿ ಅವಳು ಒಳಗೆ ಹೋದಳು. ಒಳಗೆ ಹೋಗಿ ಅತ್ತಳು. ನಮ್ಮಿಬ್ಬರಿಗೂ ಕೇಳಿಸಿತು, ಇಬ್ಬರೂ ಕೇಳಿಸದವರ ಹಾಗೆ ರಸ್ತೆ ನೋಡಿದೆವು.

ಮರುದಿನದಿಂದ ಊರಿಗೆಲ್ಲ ತಾಲೀಮು ಶುರುವಾಯಿತು. ಎಲ್ಲರೂ ಅವನನ್ನು ಮಹಾಂತ ಸಂಗನಬಸಪ್ಪ ಎಂದೇ ಕರೆಯಬೇಕೆಂದು ನಾನು ಮನೆಮನೆಗೆ ಹೇಳಿಬಂದೆ. ಜನ ಒಪ್ಪಿದರು. ಒಪ್ಪುವುದೇನೋ ಸುಲಭ, ನಾಲಿಗೆ ಕೇಳಬೇಕಲ್ಲ? "ಏ ಬೂದೆ... ಅಲ್ಲಲ್ಲ, ಮಹಾಂತ, ಒಂದ ನಿಂಬೆ ಸೋಡಾ ಕೊಡೋ ಬೂದೆಪ್ಪ" ಎಂಬಲ್ಲಿಗೆ ಬಂದು ಮುಟ್ಟುತ್ತಿತ್ತು. ಫಕೀರಗೌಡ ಪಂಚೆಯ ಗಂಟಿನಲ್ಲಿ ಚೀಟಿ ಇಟ್ಟುಕೊಂಡು ನೋಡಿ ನೋಡಿ ಓದುತ್ತಿದ್ದ. ಹಂಡೆಯ ದಾಲಿ ಮಾತ್ರ ಗಟ್ಟಿಯಾಗಿ, ತಪ್ಪಿಲ್ಲದೆ ಕರೆದ. ಕರೆದದ್ದು ಪಕ್ಕದ ಮನೆಯ ಎಮ್ಮೆಯನ್ನು. ಇನ್ನು ಬೂದೆಪ್ಪನೋ, ತಪ್ಪದೆ ಕರೆದಾಗಲೂ ತಿರುಗುತ್ತಿರಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಎಂದು ತಾನೂ ಆ ಕಡೆ ಈ ಕಡೆ ನೋಡುತ್ತಿದ್ದ. ಬೇಕೆಂದೇ ತಿರುಗುತ್ತಿಲ್ಲವೇನೋ ಎಂದು ನನಗೆ ಒಮ್ಮೊಮ್ಮೆ ಅನುಮಾನವಾಗುತ್ತಿತ್ತು.

ನಲವತ್ತೊಂಬತ್ತನೆಯ ದಿನ ಬಂತು. ರಣರಣ ಬಿಸಿಲು. ಬೂದೆಪ್ಪ ಎಂದಿನಂತೆ ಅಂಗಡಿ ತೆರೆದ, ಪತ್ರಿಕೆ ಮಡಚಿಟ್ಟ, ಹನ್ನೊಂದರ ತನಕ ಸೋಡಾ ಒಡೆದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಯಾಕೋ ಬೆನ್ನ ಹಿಡದಂಗಾಗೇತಿ" ಎಂದು ಬೆಂಚಿನ ಮೇಲೆ ಒರಗಿದ. ಗ್ರಿಸ್ ಹೋದದ್ದು ಮೂತ್ರಪಿಂಡ ಕೆಟ್ಟು. ಅದನ್ನು ಇಪ್ಪತ್ತೊಂದು ದಿನ ಓದಿ ಹೇಳಿದವನು ನಾನೇ. ನೋಡನೋಡುತ್ತ ಅವನ ಮುಖದ ಬಣ್ಣ ಅಂಗಿಯ ಬಣ್ಣಕ್ಕೆ ತಿರುಗಿತು.

ನಾನು ಬಗ್ಗಿ, ಕಿವಿಯ ಹತ್ತಿರ ಬಾಯಿಟ್ಟು, "ಮಹಾಂತ ಸಂಗನಬಸಪ್ಪ" ಎಂದೆ. ಕಣ್ಣು ತೆರೆಯಲಿಲ್ಲ. ಫಕೀರಗೌಡ ಚೀಟಿ ತೆಗೆದು ಓದಿದ. ಸಾಲದೆಂದು ಇನ್ನೊಮ್ಮೆ ಓದಿದ. ಎಷ್ಟಾದರೂ ಇಪ್ಪತ್ತು ವರ್ಷದ ನೆರೆ, ಪುಕ್ಕಟೆ ಸೋಡಾ ಬೇರೆ. ಆಮೇಲೆ ಒಬ್ಬರಾದ ಮೇಲೊಬ್ಬರು ಕರೆದರು. ಇಡೀ ಪೇಟೆ ಸೇರಿ ಕರೆಯಿತು. ಬೂದೆಪ್ಪ ಅಲ್ಲಾಡಲಿಲ್ಲ. ಆಗ ನನಗೆ ಅರ್ಥವಾಯಿತು. ನಾವೆಲ್ಲ ಇಪ್ಪತ್ತು ವರ್ಷ ಬೂದೆಪ್ಪ, ಬೂದೆಪ್ಪ ಎಂದು ಕರೆದ ಬಾಯಿಗಳು. ಮೇಲೆ ಎಷ್ಟೇ ಮಹಾಂತ ಎಂದರೂ ಒಳಗೆ ನಾವು ಕರೆಯುತ್ತಿದ್ದುದು ಬೂದೆಪ್ಪನನ್ನೇ. ಅವನೂ ಬೂದೆಪ್ಪನಾಗಿಯೇ ಕೇಳುತ್ತಿದ್ದ.

ಊರಿನಲ್ಲಿ ಅವನನ್ನು ಬೂದೆಪ್ಪ ಎಂದು ಒಮ್ಮೆಯೂ ಕರೆಯದ ಬಾಯಿ ಒಂದೇ ಒಂದಿತ್ತು. ಗಂಡನ ಹೆಸರು ಹೇಳಬಾರದಲ್ಲ! ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು "ಏನ್ರೀ" ಎಂದಿದ್ದಾಳೆ, "ಇಲ್ನೋಡ್ರಿ" ಎಂದಿದ್ದಾಳೆ, ಸಿಟ್ಟು ಬಂದಾಗ ಪಾತ್ರೆ ಕುಕ್ಕಿದ್ದಾಳೆ. ಹೆಸರು ಹಿಡಿದು ಕರೆದಿಲ್ಲ. ಸೆರಗು ಹೊದೆಯದೆ ಪೇಟೆ ಸುತ್ತಿದವಳು, ಹಿರಿಯರ ಎದುರು ವಾದ ಮಾಡಿ ಮದುವೆಯಾದವಳು, ಅದೊಂದನ್ನು ಮಾತ್ರ ಮೀರಿರಲಿಲ್ಲ.

"ತುಂಗವ್ವ, ನೀನ ಕರೀಬೇಕು" ಎಂದೆ.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾಚಿಕೆಗೆ ನಿಂತಳೆಂದು ಜನ ಅಂದುಕೊಂಡರು. ಹೆಂಗಸರು, "ಕರಿಯವ್ವಾ, ದೇವರ ಕ್ಷಮಾ ಮಾಡ್ತಾನ" ಎಂದರು. ನನಗೆ ಗೊತ್ತಿತ್ತು, ಅದು ನಾಚಿಕೆಯಲ್ಲ. ಕರೆಯದಿದ್ದರೆ ಇವನು ತನ್ನವನಾಗಿಯೇ ಹೋಗುತ್ತಾನೆ. ಕರೆದರೆ ಉಳಿಯುತ್ತಾನೆ, ಆದರೆ ಅವನು ಬೇರೆ ಯಾರೋ. ಹದಿನೆಂಟು ವರ್ಷದಲ್ಲಿ ಇಬ್ಬರೂ ಸೇರಿ ನಕ್ಕದ್ದು, ಜಗಳಾಡಿದ್ದು, ಮೊದಲ ಮಳೆಗೆ ಅಂಗಡಿ ಸೋರಿದಾಗ ಒಂದೇ ಕೊಡೆಯಡಿ ಕೂತು ಬಾಟಲಿ ಕಾದದ್ದು, ಇನ್ನು ಮೇಲೆ ಅವಳೊಬ್ಬಳ ತಲೆಯಲ್ಲಿ ಮಾತ್ರ ಇರುತ್ತದೆ. ಅಂಥ ಆಯ್ಕೆ ನನ್ನ ಶತ್ರುವಿಗೂ ಬೇಡ.

ಅವಳು ಬಂದು ಬೆಂಚಿನ ಪಕ್ಕ ಕೂತು ಅವನ ಕೈ ಹಿಡಿದಳು. ಬೂದೆಪ್ಪ ಕಷ್ಟಪಟ್ಟು ಕಣ್ಣು ಬಿಟ್ಟ. ಅವಳನ್ನು ನೋಡಿ ಬೇಡವೆನ್ನುವಂತೆ ತಲೆಯಾಡಿಸಿದ. ಅವಳು ಅವನ ಹಣೆಯ ಬೆವರು ಒರೆಸಿದಳು. "ಭಾಳ ದಿನಾ ನಿಮ್ಮ ಮಾತ ಕೇಳೀನಿ. ಇದೊಂದ ಕೇಳೂದಿಲ್ರಿ" ಎಂದಳು. ಅವಳು ಅವನ ಮಾತು ಕೇಳಿದ್ದನ್ನು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ, ಆದರೆ ಅದನ್ನು ಎತ್ತಾಡುವ ಹೊತ್ತು ಅದಾಗಿರಲಿಲ್ಲ. ಅವನ ಮುಖದಲ್ಲಿ ಸಣ್ಣದೊಂದು ನಗು ಬಂತು. ಹಾಗೆಯೇ ಕಣ್ಣು ಮುಚ್ಚಿದ.

ತುಂಗವ್ವ ಎದ್ದು ನಿಂತು ಕೂಗಿದಳು. "ಮಹಾಂತ ಸಂಗನಬಸಪ್ಪಾ!"

ತಾಯಿಯೊಬ್ಬಳು ಹೊಳೆಯಲ್ಲಿ ಈಜುತ್ತಿರುವ ಮಗನನ್ನು ಊಟಕ್ಕೆ ಕರೆಯುವ ಹಾಗೆ ಕೂಗಿದಳು. ಮಲಗಿದ್ದವನು ಒಮ್ಮೆ ಉಸಿರು ಬಿಟ್ಟ. ಅದು ಬೂದೆಪ್ಪನ ಕೊನೆಯ ಉಸಿರೆಂದು ಆಮೇಲೆ ನಾನು ಹೆಸರಿನ ಪುಸ್ತಕದಲ್ಲಿ ಬರೆದೆ, ಪುಟ ತಪ್ಪಲಿಲ್ಲ. ಆಮೇಲೆ ಅವನು ಇನ್ನೊಂದು ಉಸಿರು ಎಳೆದುಕೊಂಡ. "ಓ... ಬಂದೆ" ಎಂದು ಎದ್ದು ಕೂತ.

ಜನ ಹೋ ಎಂದು ಕೂಗಿದರು. ಫಕೀರಗೌಡ ಚೀಟಿಯಲ್ಲೇ ಮೂಗು ಒರೆಸಿಕೊಂಡ. ಎದ್ದು ಕೂತವನು ಕಣ್ಣು ಪಿಳಿಪಿಳಿ ಬಿಟ್ಟು ಅಂಗಡಿ ನೋಡಿದ, ನಮ್ಮನ್ನೆಲ್ಲ ನೋಡಿದ, ತನ್ನ ಕೈಯ ನರೆತ ಕೂದಲು ನೋಡಿ ಹುಬ್ಬು ಗಂಟಿಕ್ಕಿದ. ನಲವತ್ತರ ಮೈ, ಹತ್ತೊಂಬತ್ತರ ಕಣ್ಣು. ಕೊನೆಗೆ ಎದುರು ನಿಂತಿದ್ದ ತುಂಗವ್ವನನ್ನು ನೋಡಿ ವಿನಯದಿಂದ ಕೇಳಿದ.

"ಯಾಕ್ರೀ ಅಕ್ಕಾರ, ನನ್ನ ಕರದ್ರೇನು?"

ನೆರೆದವರು ನೆಲ ನೋಡಿದರು. ಗೊತ್ತಿದ್ದೇ ಕರೆದವಳು, ಆದರೂ ಆ ಅಕ್ಕ ಎಂಬ ಮಾತು ಅವಳಿಗೆ ನಾಟಿತು, ತುಟಿ ಕಚ್ಚಿಕೊಂಡಳು. ನನಗಂತೂ ಅಲ್ಲಿ ನಿಂತಿರಲು ಆಗದೆ ಮನೆಗೆ ಓಡಿಹೋಗೋಣ ಎನ್ನಿಸಿತು. ಅವನಿಗೆ ಇನ್ನು ಪುಟವಿಲ್ಲ, ಎಷ್ಟು ವರ್ಷ ಬದುಕುತ್ತಾನೆ, ಯಾರೊಂದಿಗೆ ಬದುಕುತ್ತಾನೆ ಎಂದು ಎಲ್ಲೂ ಬರೆದಿಲ್ಲ. ಅಂಥ ಮನುಷ್ಯ ನಮ್ಮೂರಿಗೇ ಹೊಸಬ, ಅವನೊಂದಿಗೆ ಏನು ಮಾತಾಡಬೇಕು ಎಂಬುದೇ ನಮಗ್ಯಾರಿಗೂ ಗೊತ್ತಿರಲಿಲ್ಲ.

ತುಂಗವ್ವ ಮುಖ ಒರೆಸಿಕೊಂಡಳು.

"ಅಕ್ಕ ಅಲ್ರಿ. ನನ್ನ ಹೆಸರ ತುಂಗವ್ವ ಅಂತ. ಬಿಸಲ ಭಾಳ ಐತಿ, ಸೋಡಾ ಕುಡೀತೀರೇನು?"

ಅವನು ಹೂಂ ಎಂದ. ಅವಳು ಬಾಟಲಿ ಎತ್ತಿ ಹೆಬ್ಬೆರಳಿನಿಂದ ಗೋಲಿ ಒತ್ತಿದಳು, ಸೋಡಾ ಬುಸ್ಸೆಂದು ಅವಳ ಮೊಳಕೈವರೆಗೆ ಸಿಡಿಯಿತು. ಅವನು ನಕ್ಕ. ಗ್ಲಾಸು ಹಿಡಿದುಕೊಂಡು ಒಂದು ಗುಟುಕು ಕುಡಿದ, ಅವಳ ಕಡೆ ನೋಡಿದ, ಇನ್ನೊಂದು ಗುಟುಕು ಕುಡಿದು ಮತ್ತೆ ನೋಡಿದ. ಪೂರ್ತಿ ಮುಗಿಸಿ ಗ್ಲಾಸು ಹಿಂದೆ ಕೊಡುವಾಗ ಅವನ ಕಿವಿ ಕೆಂಪಾಗಿತ್ತು.

"ನೀವು ದಿನಾ ಇಲ್ಲೇ ಇರ್ತೀರೇನ್ರಿ?" ಎಂದು ಕೇಳಿದ.

"ಇರ್ತೀನ್ರಿ" ಎಂದಳು ತುಂಗವ್ವ.